ತಾಳ ಮೊದಲು ಕಾಲಿಗೆ

ಮನೆಯಲ್ಲೇ ಐದಾರು ವರ್ಷದ ಮಕ್ಕಳಿಗೆ ಪಾಠ ಶುರುಮಾಡ್ತೀಯಂತೆ, ಸಂತೋಷ ಕಣಮ್ಮ. ವಿದ್ವತ್ ಪಾಸಾದವಳಿಗೆ ರಾಗ ತಾಳದ ಬಗ್ಗೆ ನಾನೇನು ಹೇಳಲಿ? ಒಂದೇ ಮಾತು: ನೀನು ಕಲಿತ ಕ್ರಮದಲ್ಲೇ ಆ ಪುಟಾಣಿಗಳಿಗೂ ಕಲಿಸಲು ಹೊರಡಬೇಡ. ಸರಳೆ, ಜಂಟಿ, ಅಲಂಕಾರಗಳ ದಾರಿಯನ್ನು ಹಾಕಿಕೊಟ್ಟವರು ಪುರಂದರದಾಸರು ಎನ್ನುತ್ತೇವೆ. ಗಟ್ಟಿ ದಾರಿ ಅದು, ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ವರ್ಷ ತಡವಾದರೆ ಗಂಟೇನೂ ಹೋಗುವುದಿಲ್ಲ.

ಐದು ವರ್ಷದ ಕೂಸಿನ ಗಂಟಲಿಗೆ ಸಲೀಸಾಗಿ ಸಿಗುವುದು ಐದಾರು ಸ್ವರ. ಸರಳೆ ಮೊದಲ ದಿನವೇ ತಾರಷಡ್ಜ ಕೇಳುತ್ತದೆ. ಅಲ್ಲಿಗೆ ಏರುವಾಗ ಮಗುವನ್ನು ನೋಡು: ಗದ್ದ ಮೇಲೇಳುತ್ತದೆ, ಕತ್ತಿನ ನರ ಉಬ್ಬುತ್ತದೆ, ಬರುವುದು ಕೂಗು. ಅದಕ್ಕೆ ಅಪಶ್ರುತಿ ಎಂಬ ಹಣೆಪಟ್ಟಿ ಕಟ್ಟಿಬಿಡುತ್ತೇವೆ. ಸಾಲದ್ದಕ್ಕೆ ಮಾಯಾಮಾಳವಗೌಳದ ರಿಷಭ ಷಡ್ಜಕ್ಕೆ ಅಂಟಿಕೊಂಡೇ ಇರುತ್ತದೆ. ಎಳೆಯ ಕಿವಿಗೆ ಅವೆರಡನ್ನು ಬೇರೆ ಮಾಡುವುದು ಕಷ್ಟ. ಮೋಹನದ ಸ ರಿ ಗ ಪ ಸಾಕು, ನಾಲ್ಕರಲ್ಲಿ ಎಷ್ಟೊಂದು ಹಾಡು ಕಟ್ಟಬಹುದು! ಹಂಗೇರಿಯ ಜೋಲ್ತಾನ್ ಕೋದಾಯ್ 1905ರಿಂದ ಹಳ್ಳಿಹಳ್ಳಿ ಸುತ್ತಿ ಜನಪದ ಹಾಡು ಕೂಡಿಸಿದವರು. ಮಕ್ಕಳ ಪಾಠವೂ ಅಂಥ ಹಾಡುಗಳಿಂದಲೇ ಶುರುವಾಗಬೇಕು, ಮೊದಲು ಐದು ಸ್ವರ, ಇಕ್ಕಟ್ಟಿನ ಸ್ವರಗಳು ಆಮೇಲೆ ಎಂಬುದು ಅವರ ಪದ್ಧತಿ. ನಮ್ಮ ಅಂಗಳದಲ್ಲಿ ಆಡುವ ಮಕ್ಕಳ ಕೂಗನ್ನು ಕಿವಿಗೊಟ್ಟು ಕೇಳು, ಎರಡು ಮೂರು ಸ್ವರದಲ್ಲೇ ಓಡಾಡುತ್ತಿರುತ್ತದೆ.

ಇನ್ನು ತಾಳ. ಆದಿತಾಳದ ಲಘು ಎಣಿಸಲು ಹೇಳಿದರೆ ಕಿರುಬೆರಳು ಮಡಿಸುವಾಗ ಪಕ್ಕದ ಬೆರಳೂ ಜೊತೆಗೇ ಮಡಚಿಕೊಳ್ಳುತ್ತದೆ. ಮಗು ಇನ್ನೊಂದು ಕೈಯಿಂದ ಅದನ್ನು ಬಿಡಿಸುತ್ತದೆ, ಕಣ್ಣು ಅಲ್ಲೇ, ಹಾಡು ನಿಂತೇಹೋಯಿತು. ಆದ್ದರಿಂದ ತಾಳವನ್ನು ಮೊದಲು ಕಾಲಿಗೆ ಕೊಡು. ಚಾಪೆ ಸುತ್ತಿಡು. ನೀನು ಕೈ ತಟ್ಟುತ್ತಾ ತಕಧಿಮಿ ತಕಜಣು ಹೇಳು, ಅವರು ಎಂಟು ಹೆಜ್ಜೆ ನಡೆಯಲಿ. ಎರಡು ಸುತ್ತಾದ ಮೇಲೆ ಒಂದು ಪೂರ್ತಿ ಆವರ್ತ ಬಾಯಿ ಮುಚ್ಚಿ ಎಲ್ಲರೂ ನಿಲ್ಲಬೇಕು. ಆವರ್ತ ಮುಗಿದ ಕೂಡಲೇ ಯಾರೂ ಹೇಳದೆ ಒಟ್ಟಿಗೆ ಹೊರಡಬೇಕು. ಮೊದಮೊದಲು ಒಬ್ಬ ಮೂರಕ್ಕೇ ಓಡುತ್ತಾನೆ, ಇನ್ನೊಬ್ಬಳು ಹತ್ತಾದರೂ ನಿಂತೇ ಇರುತ್ತಾಳೆ. ನಗಲಿ ಬಿಡು. ಸದ್ದಿಲ್ಲದಾಗಲೂ ತಾಳ ಒಳಗೆ ನಡೆಯುತ್ತಿರುತ್ತದೆಂದು ಭಾಷಣ ಮಾಡಿ ಹೇಳಲಾಗದು, ಈ ಆಟದಲ್ಲಿ ಅದು ತಾನಾಗಿ ಗೊತ್ತಾಗುತ್ತದೆ. ತಕಿಟಕ್ಕೆ ಬಂದಾಗ ಮೊದಲ ಹೆಜ್ಜೆ ಜೋರಾಗಿಡಲಿ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಬರುವುದೇ ಅವರಿಗೊಂದು ಬೆರಗು. ಜಿನೀವಾದ ದಾಲ್ಕ್ರೋಜ್ (1865–1950) ದೊಡ್ಡ ವಿದ್ಯಾರ್ಥಿಗಳನ್ನೂ ಹೀಗೆ ಎಬ್ಬಿಸಿ ನಡೆಸಿದವರು. ಕೋಲಾಟ ಆಡುವ ಊರಿನವರಾದ ನಾವು ಪಾಠದ ಕೋಣೆಯಲ್ಲಿ ಮಾತ್ರ ಮಕ್ಕಳಿಗೆ ಚಕ್ಕಳಮಕ್ಕಳ ಹಾಕಿಸುತ್ತೇವಲ್ಲ, ಅದೇ ವಿಚಿತ್ರ.

ಶ್ರುತಿ ಪೆಟ್ಟಿಗೆ ಮಾತ್ರ ಆಟದಲ್ಲೂ ನಿಲ್ಲದಿರಲಿ. ನಿನ್ನ ಶ್ರುತಿಗೆ ಅವರನ್ನು ಎಳೆಯಬೇಡ, ಅವರ ಗಂಟಲಿಗೆ ಒಗ್ಗುವ ಮನೆ ಹುಡುಕಿ ನೀನೇ ಅಲ್ಲಿಗೆ ಹೋಗು. ಬಾಯಿಯೇ ತೆರೆಯದ ಮಗು ಪ್ರತಿ ತಂಡದಲ್ಲೂ ಒಂದಿರುತ್ತದೆ. ‘ಹಾಡು, ಹಾಡು’ ಎಂದು ಎಲ್ಲರ ಮುಂದೆ ನಿಲ್ಲಿಸಬೇಡ. ಪೆಟ್ಟಿಗೆ ಹಾಕುವ, ಆರಿಸುವ ಕೆಲಸ ಅವನಿಗೆ ವಹಿಸು. ಸ್ನಾನದ ಮನೆಯಲ್ಲಿ ಎಲ್ಲವನ್ನೂ ಹಾಡುತ್ತಾನೆ ಎಂದು ಅವನಮ್ಮನೇ ಒಂದು ದಿನ ಬಂದು ಹೇಳಿಯಾಳು.

ಮೂರು ತಿಂಗಳಾದ ಮೇಲೆ ‘ಮಿಸ್, ಗೀತೆ ಯಾವಾಗ? ಜೂನಿಯರ್ ಯಾವಾಗ ಕಟ್ಟಿಸ್ತೀರಿ?’ ಅಂತ ಹೆತ್ತವರು ಕೇಳಿಯೇ ಕೇಳುತ್ತಾರೆ. ವಾದಕ್ಕೆ ಇಳಿಯಬೇಡ. ಒಂದು ಶನಿವಾರ ಅಪ್ಪ ಅಮ್ಮಂದಿರನ್ನೂ ಕರೆದು ಆ ನಿಲ್ಲುವ ಆಟ ಆಡಿಸು. ಸರಿಯಾದ ಕ್ಷಣಕ್ಕೆ ಹೆಜ್ಜೆ ಎತ್ತುವವರು ಯಾರೆಂದು ಅವರೇ ನೋಡಲಿ. ಫೀಸಿನ ಮಾತನ್ನು ಮಾತ್ರ ಅದಕ್ಕೂ ಮೊದಲೇ ಮುಗಿಸಿಕೊ.