ಮಂಡ್ಯದಿಂದ ಕಾಕ್‌ಪಿಟ್‌ಗೆ: ಖಾಸಗಿ ಪೈಲಟ್ ಆಗಲು ಹಂತ ಹಂತದ ದಾರಿ

ಮಂಡ್ಯ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ನಿಜ. ಆದರೆ ಒಂದು ಕಡೆ ಮೈಸೂರಿನ ಮಂಡಕಳ್ಳಿ, ಇನ್ನೊಂದು ಕಡೆ ಬೆಂಗಳೂರಿನ ಜಕ್ಕೂರು, ಎರಡೂ ಬಸ್ಸಿನ ದೂರದಲ್ಲಿವೆ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1940ರ ದಶಕದ ಕೊನೆಯಲ್ಲೇ ಶುರುವಾದದ್ದು. ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದ ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಹುಟ್ಟಿದ್ದು ನಮ್ಮ ಮೇಲುಕೋಟೆಯಲ್ಲಿ. ಮದ್ದೂರು, ಮಳವಳ್ಳಿಯ ಮಕ್ಕಳು ಈ ಆಸೆ ಇಟ್ಟುಕೊಳ್ಳುವುದರಲ್ಲಿ ಅತಿಯೇನೂ ಇಲ್ಲ.

ಹಂತ 1: ಯಾವ ಲೈಸೆನ್ಸ್ ಎಂದು ಮೊದಲು ತೀರ್ಮಾನಿಸಿ

ಖಾಸಗಿ ಪೈಲಟ್ ಲೈಸೆನ್ಸಿಗೆ, ಅಂದರೆ ಪಿಪಿಎಲ್‌ಗೆ, ಎಸ್ಸೆಸ್ಸೆಲ್ಸಿ ಪಾಸಾಗಿ 17 ತುಂಬಿರಬೇಕು. ಇದರಿಂದ ಮನೆಯವರನ್ನು ಕೂರಿಸಿಕೊಂಡು ಹಾರಬಹುದು, ಸಂಬಳಕ್ಕೆ ಹಾರಿಸುವಂತಿಲ್ಲ. ಕೆಲಸ ಬೇಕೆಂದರೆ ವಾಣಿಜ್ಯ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಬೇಕು; ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಮತ್ತು 200 ಗಂಟೆ ಹಾರಾಟ. ಪಿಪಿಎಲ್ ಮುಗಿದ ಕೂಡಲೇ ವಿಮಾನ ಕಂಪನಿಯಲ್ಲಿ ಕೆಲಸ ಸಿಗುತ್ತದೆಂದು ಯಾರೇ ಹೇಳಿದರೂ ನಂಬಿ ಜಮೀನು ಮಾರಬೇಡಿ.

ಹಂತ 2: ದುಡ್ಡು ಕಟ್ಟುವ ಮೊದಲು ವೈದ್ಯಕೀಯ ತಪಾಸಣೆ

ಈ ಕ್ರಮವನ್ನು ದಯವಿಟ್ಟು ತಪ್ಪಿಸಬೇಡಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮಾನ್ಯ ಮಾಡಿದ ವೈದ್ಯರ ಬಳಿಯೇ ಕ್ಲಾಸ್ 2 ಮೆಡಿಕಲ್ ಮಾಡಿಸಬೇಕು. ಕನ್ನಡಕ ಹಾಕುತ್ತೀರೆಂಬ ಮಾತ್ರಕ್ಕೆ ದಾರಿ ಮುಚ್ಚುವುದಿಲ್ಲ. ಬಣ್ಣ ಗುರುತಿಸುವ ತೊಂದರೆ ಮಾತ್ರ ಅನೇಕರಿಗೆ ಇಲ್ಲೇ ಮೊದಲ ಬಾರಿ ಗೊತ್ತಾಗುತ್ತದೆ. ಫೀಸು ಕಟ್ಟಿದ ಮೇಲೆ ಗೊತ್ತಾದರೆ ಆ ದುಡ್ಡು ವಾಪಸ್ ಬರುವುದು ಕಷ್ಟ.

ಹಂತ 3: ಶಾಲೆ

ಡಿಜಿಸಿಎ ಮಾನ್ಯತೆಯ ಪಟ್ಟಿ ನೋಡಿ. ಗಂಟೆಯ ದರದಲ್ಲಿ ಇಂಧನ, ಇನ್‌ಸ್ಟ್ರಕ್ಟರ್, ಲ್ಯಾಂಡಿಂಗ್ ಶುಲ್ಕ ಸೇರಿದೆಯೇ, ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು ಎಂದು ಕೇಳಿ. ಕಲಿಕೆಗೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್ ಬೇಕು, ಅದು 16ಕ್ಕೇ ಸಿಗುತ್ತದೆ.

ಹಂತ 4: ನಿಮ್ಮ ವಿಮಾನವನ್ನು ಮುಟ್ಟಿ ತಿಳಿಯಿರಿ

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಆಮೇಲೆ ಎನ್‌ಎಎಲ್‌ನ ಹಂಸ ಬಂತು. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಸೆಸ್ನಾ 172, ಮೊದಲು ಹಾರಿದ್ದು 1955ರಲ್ಲಿ. ನೀವು ಕಲಿಯುವುದೂ ಬಹುಶಃ ಸೆಸ್ನಾದಲ್ಲೇ.

ಹಾರುವ ಮುನ್ನ ಚೆಕ್‌ಲಿಸ್ಟ್ ಹಿಡಿದು ವಿಮಾನದ ಸುತ್ತ ನಡೆಯಬೇಕು. ರೆಕ್ಕೆಯ ಕೆಳಗಿನ ಡ್ರೈನ್‌ನಿಂದ ಪಾರದರ್ಶಕ ಕಪ್ಪಿಗೆ ಸ್ವಲ್ಪ ಇಂಧನ ಹಿಡಿದು ಬೆಳಕಿಗೆ ಎತ್ತಿ ನೋಡಿ. ಏವ್‌ಗ್ಯಾಸ್ 100ಎಲ್‌ಎಲ್ ಎಂಬ ಈ ಇಂಧನ ತಿಳಿನೀಲಿ ಬಣ್ಣದ್ದು. ನೀರು ಸೇರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂತಿರುತ್ತದೆ. ನೀರು ಪೂರ್ತಿ ಹೋಗುವವರೆಗೆ ಹಿಡಿಯುತ್ತಲೇ ಇರಿ. ಆಮೇಲೆ ವೇಗ ಅಳೆಯಲು ಗಾಳಿ ಹಿಡಿಯುವ ಪಿಟೋ ಕೊಳವೆಯ ಬಾಯಿ ನೋಡಿ. ಕಡಜ ಅಲ್ಲಿ ಮಣ್ಣು ಮೆತ್ತಿದ್ದರೆ ವೇಗದ ಮುಳ್ಳು ಸುಳ್ಳು ಹೇಳುತ್ತದೆ. ಇನ್‌ಸ್ಟ್ರಕ್ಟರ್ ಅವಸರ ಮಾಡಿದರೂ ಈ ಸುತ್ತನ್ನು ಮೊಟಕು ಮಾಡಬೇಡಿ.

ಹಂತ 5: ಸರ್ಕ್ಯೂಟ್, ಸೋಲೋ

ಏರುವುದು, ನಾಲ್ಕು ತಿರುವು, ಇಳಿಯುವುದು. ಕೈ ಪಳಗುವವರೆಗೆ ಇದೇ. ಮಂಡಕಳ್ಳಿಯ ರನ್‌ವೇ 09/27. ಅಂದರೆ ಒಂದು ತುದಿಯಿಂದ ಮುಖ ಪೂರ್ವಕ್ಕೆ, 90 ಡಿಗ್ರಿ. ಇನ್ನೊಂದರಿಂದ ಪಶ್ಚಿಮಕ್ಕೆ, 270. ಗಾಳಿ ಎದುರಿಗೆ ಬರುವ ತುದಿಯನ್ನೇ ಆರಿಸಬೇಕು. ಒಬ್ಬರೇ ಹಾರುವ ದಿನವನ್ನು ಇನ್‌ಸ್ಟ್ರಕ್ಟರ್ ನಿರ್ಧರಿಸುತ್ತಾರೆ, ನೀವು ಕೇಳಬೇಡಿ.

ಹಂತ 6: ದೂರದ ಹಾರಾಟ

ಪಿಪಿಎಲ್‌ಗೆ ಬೇಕಾದ ಕನಿಷ್ಠ 40 ಗಂಟೆಗಳಲ್ಲಿ 150 ನಾಟಿಕಲ್ ಮೈಲಿಯ ಒಂದು ಕ್ರಾಸ್‌ಕಂಟ್ರಿಯೂ ಸೇರಬೇಕು. ಇದರ ಅಭ್ಯಾಸವನ್ನು ಮನೆಯಲ್ಲೇ ಮಾಡಿ. ಉಪಗ್ರಹ ನಕ್ಷೆ ತೆರೆದು ಬೆಂಗಳೂರು–ಮೈಸೂರು ರೈಲುಹಳಿ ಹಿಡಿದು ಹೊರಡಿ. ಮದ್ದೂರಿನ ಹತ್ತಿರ ಶಿಂಷಾ ನದಿ ಸಿಗುತ್ತದೆ. ಅಲ್ಲಿಂದ ಮಂಡ್ಯ ಸುಮಾರು 10 ನಾಟಿಕಲ್ ಮೈಲಿ. 90 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 90 ನಾಟಿಕಲ್ ಮೈಲಿಯಂತೆ, 7 ನಿಮಿಷಕ್ಕೆ ಸ್ವಲ್ಪ ಕಡಿಮೆ. 8 ನಿಮಿಷವಾದರೂ ಮಂಡ್ಯ ಕಾಣದಿದ್ದರೆ ಎದುರುಗಾಳಿ ಇರಬಹುದು, ಅಥವಾ ದಾರಿ ತಪ್ಪಿರಬಹುದು. ಹಾರುವಾಗ ಈ ಲೆಕ್ಕ ತಲೆಯಲ್ಲೇ ಆಗಬೇಕು.

ಕೆರೆಯೊಂದನ್ನೇ ಗುರುತಾಗಿ ನಂಬಬೇಡಿ. ಮಳೆಗಾಲದಲ್ಲಿ ತುಂಬಿದ ಕೆರೆ ಏಪ್ರಿಲ್‌ನಲ್ಲಿ ಬರೀ ಮೈದಾನ. ನದಿ, ಹಳಿ, ವಿಶ್ವೇಶ್ವರಯ್ಯ ನಾಲೆ, ಮಳವಳ್ಳಿ ಕಡೆಯಾದರೆ ಶಿವನಸಮುದ್ರದ ಜಲಪಾತ, ಇವು ಜಾಗ ಬದಲಿಸುವುದಿಲ್ಲ. ಕೊಕ್ಕರೆ ಬೆಳ್ಳೂರಿನ ಸುತ್ತ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಾಲದಲ್ಲಿ ತಗ್ಗಿನಲ್ಲಿ ಹಾರುವುದು ಅವಕ್ಕೂ ನಮಗೂ ಅಪಾಯ.

ಎಂಜಿನ್ ನಿಂತರೆ ಎಲ್ಲಿ ಇಳಿಯುತ್ತೀರಿ? ಸೆಸ್ನಾ 1,000 ಅಡಿ ಎತ್ತರದಿಂದ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ. ಬೆಳೆದ ಕಬ್ಬು ಬದುಗಳನ್ನು ಮುಚ್ಚಿಡುತ್ತದೆ, ನೀರು ನಿಂತ ಗದ್ದೆಯಲ್ಲಿ ಚಕ್ರ ಹೂತು ವಿಮಾನ ಮಗುಚಬಹುದು. ಕೊಯ್ಲಾದ ರಾಗಿ ಹೊಲವೇ ಮೇಲು, ಮೇಲೆ ವಿದ್ಯುತ್ ತಂತಿ ಇಲ್ಲದಿದ್ದರೆ. ಮಂಡ್ಯದ ಮಕ್ಕಳು ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಹಂತ 7: ಪರೀಕ್ಷೆ, ರೇಡಿಯೊ

ವಾಯು ನಿಯಮ, ನ್ಯಾವಿಗೇಶನ್, ಹವಾಮಾನ, ವಿಮಾನ ಮತ್ತು ಎಂಜಿನ್ ಕುರಿತ ಲಿಖಿತ ಪರೀಕ್ಷೆಯಲ್ಲಿ ಶೇ. 70 ಅಂಕ ಬೇಕು. ಕೊನೆಗೆ ಹಾರಾಟದ ಪರೀಕ್ಷೆ. ರೇಡಿಯೊದಲ್ಲಿ ಮಾತಾಡಲು ಬೇರೆ ಲೈಸೆನ್ಸ್.

ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂಜರಿಯುವುದು ಈ ರೇಡಿಯೊ ಇಂಗ್ಲಿಷಿಗೇ. ದಿನನಿತ್ಯದ ಹಾರಾಟಕ್ಕೆ ಬೇಕಾಗುವುದು ಕೆಲವೇ ಸಿದ್ಧ ವಾಕ್ಯಗಳು. ನಮ್ಮ ದೇಶದ ವಿಮಾನಗಳ ನೋಂದಣಿ ಶುರುವಾಗುವ ವಿಟಿಯನ್ನು ‘ವಿಕ್ಟರ್ ಟ್ಯಾಂಗೊ’ ಎನ್ನಬೇಕು, ಮೂರಕ್ಕೆ ‘ಟ್ರೀ’, ಒಂಬತ್ತಕ್ಕೆ ‘ನೈನರ್’. ಟವರ್ ಕೊಟ್ಟ ಅನುಮತಿಯನ್ನು ಹಾಗೆಯೇ ತಿರುಗಿ ಹೇಳಬೇಕು. ರಸ್ತೆಯಲ್ಲಿ ಕಾಣುವ ಗಾಡಿ ನಂಬರುಗಳನ್ನೆಲ್ಲ ಹೀಗೆ ಗಟ್ಟಿಯಾಗಿ ಓದುವುದನ್ನು ಇಂದೇ ಶುರು ಮಾಡಿ.