ಭಾಗಿಸಬ್ಯಾಡ್ರಿ, ಉಳಿದದ್ದಷ್ಟ ಹೇಳ್ರಿ

ಉಪ್ಪಿನಬೆಟಗೇರಿಯಿಂದ ಬೆಳಗಿನ ಬಸ್ಸು ಹಿಡಿದು ಧಾರವಾಡದ ಸಪ್ತಾಪುರಕ್ಕೆ ಕೋಚಿಂಗ್‌ಗೆ ಹೋಗುವ ಹುಡುಗರು ಎಫ್‌ಡಿಎ, ಪಿಎಸ್‌ಐ, ರೈಲ್ವೆ ಅಂತ ಯಾವುದಕ್ಕೇ ಓದಲಿ, ಶೇಷದ ಲೆಕ್ಕ ಬಂತೆಂದರೆ ಉದ್ದಕ್ಕೆ ಭಾಗಿಸುತ್ತ ಕೂರುತ್ತಾರೆ. ರೈಲ್ವೆ ಎನ್‌ಟಿಪಿಸಿ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ 30 ಗಣಿತದ್ದು. ಒಂದಕ್ಕೆ ಸಿಗುವುದು 54 ಸೆಕೆಂಡು. ಅವರು ಕೇಳಿದ್ದು ಶೇಷ. ಭಾಗಲಬ್ಧ ಯಾರಿಗೆ ಬೇಕಾಗಿದೆ?

1. ಮೊದಲು ಭಾಜಕ ನೋಡಿ. ಶೇಷ ಯಾವತ್ತೂ ಭಾಜಕಕ್ಕಿಂತ ಚಿಕ್ಕದು. 12ರಿಂದ ಭಾಗಿಸುವ ಪ್ರಶ್ನೆಗೆ 14 ಎಂಬ ಆಯ್ಕೆ ಕೊಟ್ಟಿದ್ದರೆ ಅದನ್ನು ಅಲ್ಲೇ ಹೊಡೆದುಹಾಕಿ.

2. ಗುಣಿಸುವ ಮೊದಲೇ ಚೆಲ್ಲಿ. 605 × 607 × 611 ಅನ್ನು 12ರಿಂದ ಭಾಗಿಸಿದರೆ ಶೇಷವೆಷ್ಟು? ಗುಣಿಸಹೊರಟವನಿಗೆ 22,43,80,585 ಬರುತ್ತದೆ, ಅಷ್ಟರಲ್ಲಿ ನಿಮಿಷ ಮುಗಿದಿರುತ್ತದೆ. 600 ಹನ್ನೆರಡರ ಮಗ್ಗಿಯಲ್ಲೇ ಇದೆ, ಅದನ್ನು ಚೆಲ್ಲಿ. ಉಳಿದದ್ದು 5 × 7 × 11.

3. ‘ಇಷ್ಟು ಕಡಿಮೆ’ ಎನ್ನಲು ಕಲಿಯಿರಿ. ಸಂತೆಯಲ್ಲಿ 35 ಬಾಳೆಹಣ್ಣು ಎಣಿಸಿದವನು ‘ಎರಡು ಡಜನ್, ಮೇಲೆ ಹನ್ನೊಂದು’ ಎನ್ನುವುದಿಲ್ಲ. ‘ಮೂರು ಡಜನ್ನಿಗೆ ಒಂದ ಕಮ್ಮಿ’ ಎನ್ನುತ್ತಾನೆ. ಪುಸ್ತಕದಲ್ಲಿ ಇದಕ್ಕೆ ಋಣ ಶೇಷ ಎಂಬ ದೊಡ್ಡ ಹೆಸರು. ಮೇಲಿನ ಲೆಕ್ಕಕ್ಕೆ ಹಚ್ಚಿ ನೋಡಿ: 5 × 7 ಅಂದರೆ 35, ಒಂದು ಕಮ್ಮಿ. 11 ಕೂಡ ಒಂದು ಕಮ್ಮಿ. (−1) × (−1) = 1. ಮುಗಿಯಿತು, ಶೇಷ 1.

4. ಘಾತ ಕಂಡರೆ ಹೆದರಬೇಡಿ, 1 ಎಲ್ಲಿ ಬರುತ್ತದೆ ಎಂದು ಹುಡುಕಿ. 2ರ 100ನೇ ಘಾತವನ್ನು 7ರಿಂದ ಭಾಗಿಸಬೇಕೆ? 2ರ ಘನ 8, ಶೇಷ 1. 100ರಲ್ಲಿ 33 ಸಲ ಮೂರು ಹೋಗಿ ಒಂದು ಉಳಿಯುತ್ತದೆ. ಹಾಗಾಗಿ ಉತ್ತರ 2.

5. ವಾರದ ಪ್ರಶ್ನೆಯೂ ಶೇಷದ್ದೇ, ಭಾಜಕ 7. ವರ್ಷಕ್ಕೆ ಒಂದು ದಿನ ಮುಂದೆ, ನಡುವೆ ಫೆಬ್ರವರಿ 29 ಬಂದರೆ ಇನ್ನೊಂದು. ಮೈಸೂರು ರಾಜ್ಯ ಏಕೀಕರಣವಾದ 1956ರ ನವೆಂಬರ್ 1 ಗುರುವಾರ. ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದ 1973ರ ನವೆಂಬರ್ 1 ಯಾವ ವಾರ? 17 ವರ್ಷ, 4 ಅಧಿಕ ದಿನ, ಒಟ್ಟು 21. ಶೇಷ ಸೊನ್ನೆ, ಅದೂ ಗುರುವಾರವೇ!

6. ಲ.ಸಾ.ಅ. ಹಚ್ಚುವ ಮೊದಲು ವ್ಯತ್ಯಾಸ ನೋಡಿ. 4, 5, 6ರಿಂದ ಭಾಗಿಸಿದರೂ 3 ಉಳಿದರೆ 60ಕ್ಕೆ 3 ಕೂಡಿಸಿ. 5ಕ್ಕೆ 3, 6ಕ್ಕೆ 4, 7ಕ್ಕೆ 5 ಉಳಿದರೆ ಎಲ್ಲ ಕಡೆಯೂ 2 ಕಮ್ಮಿ. 210ರಲ್ಲಿ 2 ಕಳೆಯಿರಿ, 208. ಇವೆರಡೂ ಅಲ್ಲದಿದ್ದರೆ? ಇಲ್ಲೇ ಹುಡುಗರು ಪ್ರಶ್ನೆ ಬಿಟ್ಟು ಮುಂದೆ ಹೋಗುವುದು.

7. ಅಂಥದ್ದಕ್ಕೆ ನಮ್ಮ ನೆಲದ್ದೇ ಉಪಾಯವಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಒಂದು ಲೆಕ್ಕದಲ್ಲಿ ಬಾಳೆಹಣ್ಣಿನ 63 ಸಮ ರಾಶಿಗಳಿವೆ, ಜೊತೆಗೆ 7 ಬಿಡಿ ಹಣ್ಣು. 23 ದಾರಿಹೋಕರು ಸಮನಾಗಿ ಹಂಚಿಕೊಂಡರೆ ಏನೂ ಉಳಿಯುವುದಿಲ್ಲ. ಒಂದು ರಾಶಿಯಲ್ಲಿ ಕನಿಷ್ಠ ಎಷ್ಟು ಹಣ್ಣು?

ಮೂರನೇ ಸೂತ್ರ ತೆಗೆಯಿರಿ. 69 ಇಪ್ಪತ್ಮೂರರ ಮಗ್ಗಿಯಲ್ಲಿದೆ, 63 ಅದಕ್ಕೆ 6 ಕಮ್ಮಿ. ರಾಶಿಗೆ ಒಂದೊಂದು ಹಣ್ಣು ಏರಿಸಿದ ಹಾಗೆ ಆರಾರು ಸಾಲ ಬೆಳೆಯುತ್ತದೆ. ಬಿಡಿ ಏಳು ಆ ಸಾಲ ತೀರಿಸಬೇಕು. 7 ಆರರ ಮಗ್ಗಿಯಲ್ಲಿಲ್ಲ. 23 ಕೂಡಿಸಿದರೆ 30, ಅದು ಇದೆ. ಆರೈದಲೆ ಮೂವತ್ತು, ಉತ್ತರ 5. ತಾಳೆ ನೋಡಿ: 63 × 5 + 7 = 322 = 23 × 14. ಈ ವಿಧಾನದ ಹೆಸರು ಕುಟ್ಟೀಕಾರ, ಒನಕೆಯಲ್ಲಿ ಕುಟ್ಟಿದ ಹಾಗೆ ದೊಡ್ಡ ಸಂಖ್ಯೆಯನ್ನು ಸಣ್ಣದು ಮಾಡುವುದು.

8. ಏನೂ ಹೊಳೆಯದಿದ್ದರೆ ಆಯ್ಕೆಗಳನ್ನೇ ಹಾಕಿ ನೋಡಿ. ಕಣ್ಣುಮುಚ್ಚಿ ಗುರುತು ಮಾತ್ರ ಹಾಕಬೇಡಿ. ರೈಲ್ವೆಯಲ್ಲಿ ಪ್ರತಿ ತಪ್ಪಿಗೆ ಅಂಕದ ಮೂರನೇ ಒಂದು ಭಾಗ ಕತ್ತರಿ.

9. ಬಸ್ಸಿನಲ್ಲಿ ಮೊಬೈಲ್ ಒಳಗಿಟ್ಟು ಎದುರು ಬರುವ ಗಾಡಿಗಳ ನಂಬರ್ ಓದಿ. 3417 ಬಂತೆನ್ನಿ. 9ಕ್ಕೆ ಅಂಕಿಗಳನ್ನು ಕೂಡಿಸಿ: 15, ಅಂದರೆ 6. 8ಕ್ಕೆ ಕೊನೆಯ ಮೂರಂಕಿ ಸಾಕು: 417, ಶೇಷ 1. 11ಕ್ಕೆ ಬಲದಿಂದ ಒಂದು ಬಿಟ್ಟು ಒಂದು ಕಳೆದು ಕೂಡಿಸಿ: 7 − 1 + 4 − 3. ಮೊನ್ನೆ ಪಕ್ಕದ ಸೀಟಿನ ಹುಡುಗಿ ಲಾರಿ ದಾಟುವುದರೊಳಗೆ, “ಹನ್ನೊಂದಕ್ಕ ಏಳು ಉಳೀತದ ನೋಡ್ರಿ ಸರ” ಅಂದಳು. ನಾನಿನ್ನೂ ಕನ್ನಡಕ ಹುಡುಕುತ್ತಿದ್ದೆ.