ಜೀವಶಾಸ್ತ್ರದ ಅಭ್ಯಾಸ: ಮೊದಲು ವಸ್ತು, ಅನಂತರ ಹೆಸರು

ಮುಂಬಯಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆಯನ್ನು ಮುಗಿಸಿ, ಹನ್ನೊಂದನೆಯದರಲ್ಲಿ ಇಂಗ್ಲಿಷಿನ ಮೂಲಕ ಜೀವಶಾಸ್ತ್ರವನ್ನು ಓದತೊಡಗುವ ವಿದ್ಯಾರ್ಥಿಯನ್ನು ಮೊದಲು ಅಂಜಿಸುವುದು ಶಾಸ್ತ್ರವಲ್ಲ, ಅದರ ಶಬ್ದಗಳು. ಉದ್ದುದ್ದನೆಯ ಹೆಸರುಗಳನ್ನು ಕಂಡು ಎದೆಗುಂದಿ ಎಷ್ಟೋ ಮಂದಿ ಎಲ್ಲವನ್ನೂ ಉರುಹೊಡೆಯಲು ಕುಳಿತುಕೊಳ್ಳುತ್ತಾರೆ. ಕೆಲವರು ಆ ವಿಷಯವನ್ನೇ ಬಿಟ್ಟುಬಿಡುತ್ತಾರೆ. ಈ ಅಂಜಿಕೆಗೆ ಕಾರಣವಿಲ್ಲವೆಂಬುದನ್ನು ಒಂದು ನೀರುಳ್ಳಿಯಿಂದಲೇ ತೋರಿಸಬಹುದು.

ನೀರುಳ್ಳಿಯ ಒಂದು ಪದರದ ಒಳಮೈಯಿಂದ ತೆಳುವಾದ ಪೊರೆಯನ್ನು ಸುಲಿದು, ಗಾಜಿನ ಪಟ್ಟಿಯ ಮೇಲಿನ ನೀರಿನ ಹನಿಯಲ್ಲಿ ಮಡಿಕೆ ಬೀಳದಂತೆ ಹರಡಿರಿ. ಅಯೋಡಿನ್ ದ್ರಾವಣದ ಒಂದು ತೊಟ್ಟನ್ನು ಹಾಕಿ, ಗಾಳಿಗುಳ್ಳೆಗಳು ಸೇರದಂತೆ ಮುಚ್ಚುಗಾಜನ್ನು ಓರೆಯಾಗಿ ಇಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿರಿ. ಇಟ್ಟಿಗೆಯ ಗೋಡೆಯಂತೆ ಸಾಲುಗಟ್ಟಿದ ಜೀವಕೋಶಗಳು ಕಾಣುವುವು. ಅವುಗಳೊಳಗೆ ಬಣ್ಣ ಹಿಡಿದ ದುಂಡು ಕಣವೇ ಕೋಶಕೇಂದ್ರ. ಅದು ಅನೇಕ ಕೋಶಗಳಲ್ಲಿ ನಡುವೆ ಇರದೆ ಅಂಚಿಗೆ ಒತ್ತಿಕೊಂಡಿರುವುದೇಕೆ? ರಸ ತುಂಬಿದ ದೊಡ್ಡ ರಸದಾನಿಯು ಕೋಶದ ಬಹುಭಾಗವನ್ನು ಆಕ್ರಮಿಸಿ, ಉಳಿದುದನ್ನು ಗೋಡೆಯತ್ತ ಸರಿಸಿರುವುದರಿಂದ. ಸಸ್ಯಕೋಶವಾದರೂ ಇಲ್ಲಿ ಹಸುರು ಕಣಗಳಿಲ್ಲ. ಬೆಳಕಿನಲ್ಲಿ ಆಹಾರವನ್ನು ತಯಾರಿಸುವುದು ಹಸುರೆಲೆಯ ಕೆಲಸ, ಗಡ್ಡೆಯ ಪದರಗಳದು ಅದನ್ನು ಕೂಡಿಡುವ ಕೆಲಸ. ಹೀಗೆ ಕಣ್ಣಾರೆ ಕಂಡು, ಏಕೆಂದು ಕೇಳಿ ತಿಳಿದುದು ಬೇಗ ಮರೆತುಹೋಗದು.

ಇನ್ನು ಹೆಸರುಗಳು. 1665ರಲ್ಲಿ ರಾಬರ್ಟ್ ಹುಕ್ ಎಂಬಾತನು ಸೀಸೆಯ ಬಿರಡೆ ಮಾಡುವ ಬೆಂಡಿನ ತೆಳುಹೋಳಿನಲ್ಲಿ ಪುಟ್ಟ ಗೂಡುಗಳನ್ನು ಕಂಡು, ಅವನ್ನು ಸೆಲ್ ಎಂದು ಕರೆದನು. ಲ್ಯಾಟಿನ್ ಮೂಲದ ಆ ಮಾತಿಗೆ ಚಿಕ್ಕ ಕೋಣೆಯೆಂದರ್ಥ. 1831ರಲ್ಲಿ ರಾಬರ್ಟ್ ಬ್ರೌನನು ಕೋಶಕೇಂದ್ರವನ್ನು ನ್ಯೂಕ್ಲಿಯಸ್ ಎಂದನು. ಅದರ ಮೂಲಾರ್ಥ ತಿರುಳು. ಫೋಟೋಸಿಂಥೆಸಿಸ್ ಎಂಬುದರಲ್ಲಿ ಬೆಳಕು, ಜೋಡಣೆ ಎಂಬರ್ಥದ ಎರಡು ಗ್ರೀಕ್ ಪದಗಳಿವೆ. ನಮ್ಮ ದ್ಯುತಿಸಂಶ್ಲೇಷಣೆಯಲ್ಲಿರುವ ಅರ್ಥಗಳೂ ಅವೇ. ಇಂಗ್ಲಿಷ್ ಮನೆಮಾತಿನ ಮಕ್ಕಳಿಗೂ ಈ ಗ್ರೀಕ್, ಲ್ಯಾಟಿನ್ ಮಾತುಗಳು ಹೊಸವೇ. ಅರ್ಥವನ್ನು ಕನ್ನಡದಲ್ಲಿ ಬಲ್ಲವರಿಗೆ ಕಲಿಯಲು ಉಳಿಯುವುದು ಹೆಸರು ಮಾತ್ರ.

ಆದುದರಿಂದ ವಿದ್ಯಾರ್ಥಿಗಳು ಒಂದು ಟಿಪ್ಪಣಿ ಪುಸ್ತಕವನ್ನಿಟ್ಟುಕೊಳ್ಳಲಿ. ಎಡಪುಟದಲ್ಲಿ, ಪಠ್ಯದ ಚಿತ್ರವನ್ನು ನಕಲು ಮಾಡದೆ, ತಾವು ಕಂಡುದನ್ನು ಕಂಡಂತೆಯೇ ಸೀಸದಕಡ್ಡಿಯಿಂದ ಚಿತ್ರಿಸಲಿ. ಬಲಪುಟದಲ್ಲಿ ಪ್ರತಿಯೊಂದು ಭಾಗದ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲಿಯೂ, ಅದರ ಕೆಲಸವನ್ನು ತಮ್ಮದೇ ಒಂದು ವಾಕ್ಯದಲ್ಲಿಯೂ ಬರೆಯಲಿ. ವಾರಕ್ಕೊಮ್ಮೆ ಬಲಪುಟವನ್ನು ಮುಚ್ಚಿ, ಚಿತ್ರವೊಂದನ್ನೇ ನೋಡುತ್ತ ಎಲ್ಲವನ್ನೂ ಹೇಳಿಕೊಳ್ಳಲಿ; ತಡವರಿಸಿದ ಭಾಗವನ್ನು ಮತ್ತೆ ಓದಲಿ. ಹತ್ತು ವರ್ಷ ಕನ್ನಡದಲ್ಲಿ ಗಳಿಸಿದ ತಿಳಿವಳಿಕೆಯು ದಾರಿಯ ಬುತ್ತಿ. ಅದನ್ನು ಕಾಲೇಜಿನ ಬಾಗಿಲಲ್ಲಿ ಇಳಿಸಿಹೋಗಬೇಕಾಗಿಲ್ಲ.